ಕಾಕಾ ಟೈಪ್ ಹೊಡೆದ ಪಾಠಗಳು

ಟೈಪಿಂಗ್ ಕಾಕಾರ ಬೆರಳ ತುದಿಗಳು ಚಪ್ಪಟೆಯಾಗಿ, ಗಟ್ಟಿಯಾಗಿ, ಹುಣಸೆಬೀಜದಂತೆ ನುಣುಪಾಗಿದ್ದವು. ಮೊದಲ ಸಲ ನನ್ನ ಕೈ ಹಿಡಿದು ಟೈಪ್‌ರೈಟರಿನ ಮೇಲೆ ಇಟ್ಟಾಗ ಆ ತುದಿಯೊಂದು ನನ್ನ ಉಗುರಿಗೆ ತಾಗಿ ಟಕ್ ಎಂದದ್ದು ಇನ್ನೂ ನೆನಪಿದೆ. ನಾನು ಅವರ ಮುಖ ನೋಡಿದವಳಲ್ಲ. ಚಿಕ್ಕವಳಿದ್ದಾಗ ದಂಡೋತಿಯಲ್ಲಿ ದಡಾರ ಬಂದು ಎರಡೂ ಕಣ್ಣು ಹೋದವು. ಹಾಗಾಗಿ ಕಾಕಾ ಎಂದರೆ ನನಗೆ ಆ ಹತ್ತು ಬೆರಳು, ನಶ್ಯದ ಘಾಟು, ಟೈಪ್‌ರೈಟರಿನ ಅಚ್ಚುಗಳನ್ನು ತೊಳೆಯುವ ಸೀಮೆಎಣ್ಣೆಯ ವಾಸನೆ, ಮತ್ತು ಸೀನುವ ಮುಂಚೆ ಬರುತ್ತಿದ್ದ ಒಂದು ಉದ್ದನೆಯ ಮೌನ. ಆ ಮೌನ ಬಂದ ಕೂಡಲೇ ಕ್ಲಾಸಿನಲ್ಲಿದ್ದವರೆಲ್ಲ ತಮ್ಮ ತಮ್ಮ ಹಾಳೆಗಳನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದರು.

ಅವರು ಮೊದಲು ಚಿತ್ತಾಪುರದ ಕೋರ್ಟಿನ ಎದುರು ಬೇವಿನ ಮರದ ಕೆಳಗೆ ಕೂತು ಅರ್ಜಿ, ದಾವೆ, ತಕರಾರು ಟೈಪ್ ಹೊಡೆಯುತ್ತಿದ್ದರಂತೆ. ಆಮೇಲೆ ವಾಡಿಗೆ ಬಂದು, ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಟೈಪಿಂಗ್ ಕ್ಲಾಸು ತೆರೆದರು. ಗೂಡ್ಸ್ ಗಾಡಿ ಹೋದಾಗಲೆಲ್ಲ ಶಹಾಬಾದ ಕಲ್ಲಿನ ನೆಲ ನಡುಗಿ ಟೈಪ್‌ರೈಟರುಗಳು ತಾವಾಗಿಯೇ ಗುರುಗುಟ್ಟುತ್ತಿದ್ದವು. ಮುಂಜಾನೆ ಸ್ನಾನ, ಸಂಧ್ಯಾವಂದನೆ, ಗೋಪಿಚಂದನ ಮುಗಿಸಿಯೇ ಅವರು ಮಷೀನು ಮುಟ್ಟುತ್ತಿದ್ದದ್ದು. ಏಕಾದಶಿಯ ದಿನ ಉಪವಾಸ. ಆ ದಿನ ಬೈಗುಳ ಮಾತ್ರ ಹೊಟ್ಟೆತುಂಬ ಸಿಗುತ್ತಿತ್ತು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವನು ನಮ್ಮಪ್ಪ. ಆತನಿಗೆ ವಾಡಿಯಲ್ಲಿ ಸಿಮೆಂಟ್ ಮೂಟೆ ಹೊರಿಸುವ ಮುಕಾದಮನ ಕೆಲಸ. ನಾನು ಕಲಬುರ್ಗಿಯ ಹಾಸ್ಟೆಲಿನಲ್ಲಿದ್ದು ಬ್ರೈಲ್‌ನಲ್ಲಿ ಹತ್ತನೆಯ ತರಗತಿ ಮುಗಿಸಿ ಮನೆಗೆ ಬಂದು ಕೂತಿದ್ದೆ. ಮನೆಯಲ್ಲಿ ಕೂತ ಕುರುಡಿಯನ್ನು ನೋಡಲು ಬರುವವರಿಗೆ ಬರವಿರುವುದಿಲ್ಲ. ಬಂದವರೆಲ್ಲ ತಲೆ ಸವರಿ, ಲೊಚಗುಟ್ಟಿ, ಚಹಾ ಕುಡಿದು ಹೋಗುತ್ತಿದ್ದರು. ಅಪ್ಪನಿಗೆ ಅದನ್ನು ನೋಡಿ ನೋಡಿ ರೋಸಿಹೋಗಿತ್ತು.

"ಕಾಕಾ, ಈಕಿಗಿ ಕಣ್ಣು ಕಾಣಂಗಿಲ್ರಿ. ಏನರ ಒಂದು ಕೈಕೆಲಸ ಆಗ್ತದೇನು ನೋಡ್ರಿ" ಎಂದ ಅಪ್ಪ, ಬಾಗಿಲಲ್ಲೇ ನಿಂತು.

ಕಾಕಾ ಲೊಚಗುಟ್ಟಲಿಲ್ಲ. "ಬೇಷಾತು ಬಿಡ್ರಿ. ಕೀ ನೋಡಬ್ಯಾಡ್ರಿ, ಕೀ ನೋಡಬ್ಯಾಡ್ರಿ ಅಂತ ಈ ಹುಡುಗೂರಿಗಿ ಬೈದು ಬೈದು ನನ್ನ ಗಂಟಲ ಹೋಗ್ಯದ. ಈಕಿಗಿ ಅದೊಂದು ಬೈಯೋದು ಉಳೀತು" ಎಂದರು.

ಅವರ ಕ್ಲಾಸಿನ ಪದ್ಧತಿಯೇ ಹಾಗಿತ್ತು. ಕಲಿಯುವವರು ಕೀಗಳನ್ನು ನೋಡಬಾರದೆಂದು ಪ್ರತಿ ಮಷೀನಿನ ಮೇಲೆ, ಕೈಗಳು ಒಳಗೆ ಹೋಗುವಂತೆ, ಕಟ್ಟಿಗೆಯ ಒಂದು ಮುಚ್ಚಳ ಇಟ್ಟಿದ್ದರು. ಕೈ ಒಳಗೆ, ಕಣ್ಣು ಹೊರಗೆ. "ನನ್ನ ಕ್ಲಾಸಿನ್ಯಾಗ ಎಲ್ಲಾರೂ ಕುರುಡರ" ಎನ್ನುವುದು ಅವರ ಮಾತು. ಪಕ್ಕದ ಮಷೀನಿನಲ್ಲಿದ್ದ ರೇಲ್ವೆ ಕ್ವಾರ್ಟರ್ಸಿನ ಹುಡುಗಿ ಮುಚ್ಚಳ ಎತ್ತಿ ಇಣುಕಿ ಏಟು ತಿನ್ನುವಾಗ ನಾನು ಸುಮ್ಮನೆ ಹೊಡೆಯುತ್ತ ಹೋಗುತ್ತಿದ್ದೆ. ಕಣ್ಣಿದ್ದವರಿಗಿಂತ ನಾನು ಮುಂದಿದ್ದ ಜಾಗ ನನ್ನ ಜೀವನದಲ್ಲಿ ಅದೊಂದೇ.

ಸಾಲು ಮುಗಿಯುವಾಗ ಗಂಟೆ ಬಾರಿಸುವ ಮಷೀನು ನನಗೆಂದೇ ಮಾಡಿದಂತಿತ್ತು. ಹೊಡೆದದ್ದನ್ನು ಓದಿಕೊಳ್ಳಲಿಕ್ಕೆ ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಕಾಕಾ ನನ್ನ ಹಾಳೆ ತೆಗೆದು ಎಲ್ಲರೆದುರು ಜೋರಾಗಿ ಓದುತ್ತಿದ್ದರು, ತಪ್ಪು ಬಂದಲ್ಲಿ ಮೇಜಿಗೆ ಗೆಣ್ಣಿನಿಂದ ಕುಟ್ಟುತ್ತಿದ್ದರು. ಕುಟ್ಟು ಇಲ್ಲದೆ ಇಡೀ ಹಾಳೆ ಮುಗಿದ ದಿನ ಅವರು ಶಾಬ್ಬಾಶ್ ಎನ್ನಲಿಲ್ಲ. "ತಂಗಿ, ರಿಬ್ಬನ್ ಮಸುಕಾಗ್ಯದ, ಬದಲಿ ಮಾಡು" ಎಂದರು. ಮಷೀನು ಬಿಚ್ಚಲು ಅವರು ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಅವರನ್ನು ದೇವರು ಮಾಡಲು ನಾನು ಹೊರಟಿಲ್ಲ. ಆ ಮನೆಯಲ್ಲಿ ನನಗೆ ಚಹಾ ಕೊಡುವ ಲೋಟ ಬೇರೆ ಇತ್ತು. ಅದರ ಅಂಚು ಒಂದು ಕಡೆ ನೆಗ್ಗಿತ್ತು, ತುಟಿಗೆ ಗೊತ್ತಾಗುತ್ತಿತ್ತು. ಕಾಕಾರ ಹೆಂಡತಿ ಕಾಕು ಅದನ್ನು ಹೊರಗಿನ ಗೂಡಿನಲ್ಲಿ ಬೋರಲು ಇಡುತ್ತಿದ್ದರು. ಕಾಕಾರಿಗೂ ಗೊತ್ತಿತ್ತು, ಅವರೂ ಏನೂ ಅನ್ನಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಒಂದು ದಿನ, ಕೈಗೆ ಬಂದ ಲೋಟದ ಅಂಚು ಸುತ್ತಲೂ ಸರಿಯಾಗಿದೆ ಎಂದು ನನಗೆ ಹೊಳೆಯಿತು. ಅದು ಯಾವಾಗ ಬದಲಾಗಿತ್ತೋ ತಿಳಿಯದು.

ಇಂಗ್ಲಿಷ್, ಕನ್ನಡ ಎರಡರಲ್ಲೂ ಟೈಪಿಂಗಿನ ದೊಡ್ಡ ಪರೀಕ್ಷೆ ಪಾಸಾದೆ. ಕೆಲಸ ಕೇಳಲು ಹೋದ ಕಡೆಯಲ್ಲೆಲ್ಲ ಒಂದೇ ಮಾತು. "ಹೊಡೀತೀದಿ ಖರೆ, ಆದ್ರ ಕಾಗದ ನೋಡಿ ಹೊಡೀಬೇಕಲ್ಲವ್ವಾ." ಶಹಾಬಾದಿನ ಒಂದು ಆಫೀಸಿನಲ್ಲಿ ಇದನ್ನು ಕೇಳಿ ಹೊರಗೆ ಬಂದಾಗ ಕಾಕಾ ಜೊತೆಗಿದ್ದರು. ಬಸ್ಸಿನಲ್ಲಿ ಕೂತ ಮೇಲೆ, "ಕಾಗದ ತಾನ ಓದ್ಕೊಂಡು ಹೇಳಬೇಕು. ಅಂಥದೊಂದು ಬರೋತನಕ ನಿನ್ನ ಕೈ ಬಿಡಬ್ಯಾಡ, ಹೊಡ್ಕೋತ ಇರು" ಎಂದರು. ಕಾಗದ ತಾನೇ ಮಾತಾಡುವುದೆಂದರೆ ನನಗೆ ನಗು ಬಂತು.

ಅಷ್ಟರಲ್ಲಿ ಕಂಪ್ಯೂಟರುಗಳು ಬಂದವು. ಟೈಪಿಂಗ್ ಕ್ಲಾಸಿನ ಹುಡುಗರು ಒಬ್ಬೊಬ್ಬರೇ ಬಜಾರಿನ ಕಂಪ್ಯೂಟರ್ ಸೆಂಟರಿಗೆ ಜಾರಿಕೊಂಡರು. ಕೊನೆಗೆ ಕಾಕಾ ಒಂದು ಮಷೀನು ಇಟ್ಟುಕೊಂಡು ಉಳಿದವನ್ನೆಲ್ಲ ಹಳೆ ಕಬ್ಬಿಣ ಕೊಳ್ಳುವ ಮೋಡಕಾ ಸಾಮಾನಿನವನಿಗೆ ಕೊಟ್ಟರು. ಅವನು ಅವನ್ನು ಬಂಡಿಗೆ ಎಸೆಯುವಾಗ ಒಂದೊಂದರ ಗಂಟೆಯೂ ಒಂದು ಸಲ ಟಿಣ್ ಅಂದಿತು. ಕಾಕಾ ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ಇದ್ದರು. ಮುಂದಿನ ತಿಂಗಳು ಯಾವುದೋ ಆಫೀಸು ಬಿಸಾಡಿದ ಹಳೆಯ ಕಂಪ್ಯೂಟರೊಂದು ಆ ಕೋಣೆಗೆ ಬಂತು. ಅದರ ಕೀಬೋರ್ಡು ಅವರಿಗೆ ಒಗ್ಗಲೇ ಇಲ್ಲ. "ಇದಕ್ಕ ತಾಕತ್ತ ಇಲ್ಲ. ಹೊಡದ್ರ ತಿರುಗಿ ಹೊಡೆಯಂಗಿಲ್ಲ" ಎಂದು ಗೊಣಗುತ್ತಲೇ ಕನ್ನಡ ಹೊಡೆಯುವುದನ್ನು ಕಲಿತರು.

ಕಾಗದ ಮಾತಾಡುವ ದಿನ ನಿಜವಾಗಿಯೂ ಬಂತು. ಅಂಧರಿಗೆ ಕಂಪ್ಯೂಟರ್ ಕಲಿಸುವ ಹೈದರಾಬಾದಿನ ಒಂದು ಕೇಂದ್ರಕ್ಕೆ ನಾನು ಕೆಲವು ತಿಂಗಳು ಹೋದೆ. ಅಲ್ಲಿ ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ತಂತ್ರಾಂಶವಿತ್ತು. ಕೀ ಒತ್ತಿದರೆ ಓದುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು, ಮತ್ತೆ ಅಂದರೆ ಮತ್ತೆ. ಇನ್ನೊಬ್ಬರ ಪುರುಸೊತ್ತಿಗೆ ಕಾಯದೆ ಓದುವುದು ಎಂದರೇನೆಂದು ನನಗೆ ತಿಳಿದದ್ದು ಆಗ. ಒಂದೇ ಕೊರತೆ, ಅದು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಕನ್ನಡದ್ದೂ ಬರುತ್ತದೆ, ಸ್ವಲ್ಪ ತಡೆಯಿರಿ ಎಂದಿದ್ದರು ಅಲ್ಲಿನ ತರಬೇತಿ ಸರ್. ಅವರು ಚಿಂಚೋಳಿಯವರು, ನಮ್ಮ ಮಾತು ಬಲ್ಲವರು.

ಆ ಹೊತ್ತಿಗೇ ಸೇಡಂನಲ್ಲಿ ಕಾಣದ ಮಕ್ಕಳಿಗಾಗಿ ಒಂದು ಪುಟ್ಟ ಶಾಲೆ ಶುರುವಾಗಿತ್ತು. ಅಲ್ಲಿನ ದೊಡ್ಡ ಬಾಯಿಯವರು, ಅಂದರೆ ಮುಖ್ಯ ಶಿಕ್ಷಕಿ, ನನ್ನ ಬೆರಳು ಬ್ರೈಲ್ ಮೇಲೆ ಓಡುವುದನ್ನು ನೋಡಿ, ಇಂಥ ಮಕ್ಕಳಿಗೆ ಕಲಿಸುವ ಡಿಪ್ಲೊಮಾ ಒಂದಿದ್ದರೆ ಸಾಕು, ಜಾಗ ನಿನ್ನದೇ ಎಂದರು. ಆ ಡಿಪ್ಲೊಮಾವನ್ನು ಮನೆಯಿಂದಲೇ ಇಂಟರ್ನೆಟ್ಟಿನಲ್ಲಿ ಓದಬಹುದಿತ್ತು. ಪಾಠಗಳೆಲ್ಲ ವೆಬ್‌ಸೈಟಿನಲ್ಲಿ, ಕನ್ನಡದಲ್ಲಿ. ಇಂತಿಷ್ಟು ವರ್ಷದೊಳಗೆ ಮುಗಿಸಬೇಕೆಂಬ ಗಡುವು. ಹೆಸರು ಹಚ್ಚಿಸಿದ ದಿನ ಅಪ್ಪ ಇಡೀ ಓಣಿಗೆ ಪೇಢೆ ಹಂಚಿದ. ಲೊಚಗುಟ್ಟಿದವರ ಮನೆಗೆ ಮೊದಲು ಹಂಚಿದ.

ಇಂಟರ್ನೆಟ್ ಅಂಗಡಿಯಲ್ಲಿ ಓದುವ ತಂತ್ರಾಂಶ ಹಾಕಿಸಿ ಪಾಠ ತೆರೆದರೆ ಯಂತ್ರ "ಗ್ರಾಫಿಕ್" ಎಂದಿತು. ಮುಂದಿನ ಪುಟಕ್ಕೆ ಹೋದರೆ "ಗ್ರಾಫಿಕ್". ಅದರ ಮುಂದಿನದ್ದೂ "ಗ್ರಾಫಿಕ್". ಅಚ್ಚಾದ ಪುಸ್ತಕದ ಪುಟಗಳ ಫೋಟೋ ಹೊಡೆದು ಹಾಗೆಯೇ ಏರಿಸಿದ್ದರು. ಕಣ್ಣಿದ್ದವರಿಗೆ ಅದು ಪಾಠ, ಯಂತ್ರಕ್ಕೆ ಅದೊಂದು ಪಟ. ಕುರುಡು ಮಕ್ಕಳಿಗೆ ಹೇಗೆ ಕಲಿಸಬೇಕೆಂದು ಹೇಳುವ ಪಾಠಗಳನ್ನು ಕುರುಡರಾರೂ ಓದಲಾಗದ ಹಾಗೆ ಇಟ್ಟಿದ್ದರು. ಈ ಮಾತನ್ನು ನಾನು ಇಂದಿಗೂ ಸಿಟ್ಟಿಲ್ಲದೆ ಹೇಳಲಾರೆ.

ಕೋರ್ಸಿನ ಆಫೀಸಿಗೆ ಫೋನ್ ಮಾಡಿದೆ. ಆ ಕಡೆಯವರು ಬಹಳ ಮರ್ಯಾದೆಯಿಂದಲೇ ಮಾತಾಡಿದರು. "ಪಾಠ ಎಲ್ಲಾರಿಗೂ ಕಾಣಂಗ ಇಟ್ಟೀವಲ್ರೀ ಮೇಡಂ. ನಿಮ್ಮ ಮನ್ಯಾಗ ಯಾರರ ಇದ್ರ ಓದಿ ಹೇಳ್ಲಿ ತಗೋರಿ."

ನಮ್ಮ ಮನೆಯಲ್ಲಿ ಓದು ಬಲ್ಲವರಿರಲಿಲ್ಲ. ನಾನು ಕಾಕಾರಲ್ಲಿಗೆ ಹೋಗಿ, "ನೀವು ಓದ್ಕೋತ ಹೋಗ್ರಿ ಕಾಕಾ, ನಾ ಕನ್ನಡದಾಗ ಹೊಡ್ಕೋತೀನಿ. ಆಮ್ಯಾಲ ಮಷೀನ್ ನನಗ ಓದಿ ಹೇಳ್ತದ" ಎಂದೆ.

ನಶ್ಯದ ಡಬ್ಬಿ ಟಪ್ಪೆಂದು ಮುಚ್ಚಿದ ಸದ್ದಾಯಿತು. "ಕಣ್ಣಿದ್ದ ಹುಡುಗೂರು ತಮ್ಮ ಪುಸ್ತಕ ತಾವ ಅಚ್ಚು ಹಾಕ್ಕೊಂಡು ಓದ್ತಾರೇನು? ಅವರಿಗಿ ತಯಾರಾಗಿ ಬರ್ತದ. ನಿನಗೂ ತಯಾರಾಗೇ ಬರಬೇಕು. ನಿಂದು ಓದೋ ಕೆಲಸ. ಹೊಡಿಯೋದು ನಂದು."

ಆ ಬೇಸಿಗೆಯಲ್ಲಿ ಶುರು ಮಾಡಿದರು. ಶಹಾಬಾದಿನ ಇಂಟರ್ನೆಟ್ ಅಂಗಡಿಯಲ್ಲಿ ಪುಟಗಳನ್ನು ಪ್ರಿಂಟ್ ತೆಗೆಸಿಕೊಂಡು ಬಂದು, ಒಂದೊಂದನ್ನೇ ಎದುರಿಗೆ ನಿಲ್ಲಿಸಿಕೊಂಡು, ಮೊದಲ ಪಾಠದಿಂದ ಕನ್ನಡದಲ್ಲಿ ಹೊಡೆಯತೊಡಗಿದರು. ಕನ್ನಡ ಮಾತಾಡುವ ತಂತ್ರಾಂಶ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಹೊಡೆದರಾಯಿತು ಎನ್ನುವ ಜಾಯಮಾನ ಅವರದಲ್ಲ. ಕೋರ್ಟಿನ ಮುಂದೆ ಕೂತಿದ್ದ ಕಾಲದಿಂದಲೂ ವಕೀಲರು ಬರುವ ಮೊದಲೇ ಹಾಳೆ, ಕಾರ್ಬನ್, ಹಾಳೆ ಜೋಡಿಸಿ ಮಷೀನಿಗೆ ಏರಿಸಿಟ್ಟು ಕಾಯುತ್ತಿದ್ದವರು. "ಮಾತಾಡೋ ಮಷೀನ್ ಬಂದ ದಿನ ಅದಕ್ಕ ಕೆಲಸ ಇಲ್ಲಂತ ಆಗಬಾರದು" ಎನ್ನುತ್ತಿದ್ದರು.

ಹೊಡೆದು ಮುಗಿದ ಪಾಠವನ್ನು ಪ್ರಿಂಟ್ ತೆಗೆದು, ಮೂಲ ಪುಟಗಳನ್ನು ಕಾಕು ಕೈಗೆ ಕೊಡುತ್ತಿದ್ದರು. ಕಾಕು ಕನ್ನಡಕ ಹಾಕಿಕೊಂಡು ಮೂಲ ಓದುವರು, ಕಾಕಾ ತಾವು ಹೊಡೆದದ್ದನ್ನು ನೋಡುತ್ತ ಹೂಂ ಎನ್ನುವರು. ಹಾಳೆಯ ಮೇಲೆ ಸರಿಯಾಗಿ ಮೂಡಿದರೆ ಸರಿ. ಇಡೀ ಜೀವನ ಹಾಳೆಯ ಲೆಕ್ಕದಲ್ಲಿ ಬದುಕಿದವರು ಅವರು. ಮೂಡಿದ ಅಕ್ಷರದ ಆಚೆಗೆ ಇನ್ನೊಂದು ಇರಬಹುದೆಂದು ಅವರಿಗೆ ಹೊಳೆಯಲಿಲ್ಲ, ಕಂಪ್ಯೂಟರ್ ಕಲಿತು ಬಂದಿದ್ದ ನನಗೂ ಹೊಳೆಯಲಿಲ್ಲ. ನಾನು ಹೊಸ್ತಿಲ ಬಳಿ ತಣ್ಣನೆಯ ಕಲ್ಲಿನ ಮೇಲೆ ಕೂತು ಅವರ ಹತ್ತು ಬೆರಳುಗಳ ಸದ್ದು ಕೇಳುತ್ತಿದ್ದೆ. ಅಷ್ಟು ಸುಖದಿಂದ ನಾನು ಮತ್ತೆಂದೂ ಕೂತಿಲ್ಲ.

ಮರುವರ್ಷ ಬೇಸಿಗೆಯ ಹೊತ್ತಿಗೆ ಎಲ್ಲ ಪಾಠ ಮುಗಿದವು. ಕನ್ನಡದ ಧ್ವನಿಯೂ ಬಂತು. ತರಬೇತಿ ಸರ್ ಊರಿಗೆ ಬಂದಾಗ ಅದನ್ನು ಹಾಕಿಕೊಡಲು ವಾಡಿಗೂ ಬಂದರು. ಅಪ್ಪ ರಜೆ ಹಾಕಿ ಬಂದಿದ್ದ. ಕಾಕು ಹೂರಣದ ಹೋಳಿಗೆ ಮಾಡಿದ್ದರು. ಸರ್ ತಂತ್ರಾಂಶ ಹಾಕಿ ಒಂದು ಸಾಲು ತಾವೇ ಟೈಪ್ ಮಾಡಿದರು. "ನಮಸ್ಕಾರ, ಊಟ ಆಯಿತೇ" ಎಂದಿತು ಯಂತ್ರ, ಮೂಗಿನಿಂದ ಮಾತಾಡಿದಂತೆ. ಅಪ್ಪ ಗಾಬರಿಯಾಗಿ "ಆತ್ರಿ" ಎಂದ. ಎಲ್ಲರೂ ನಕ್ಕರು.

"ಈಗ ನಂದು ತೆಗೀರಿ" ಎಂದರು ಕಾಕಾ.

ಮೊದಲ ಪಾಠ ತೆರೆದರು. ಯಂತ್ರ ಮಾತಾಡಿತು. ಅದು ಕನ್ನಡವಲ್ಲ, ಯಾವ ಭಾಷೆಯೂ ಅಲ್ಲ. ಇಂಗ್ಲಿಷ್ ಅಕ್ಷರಗಳು, ಅಂಕಿ, ಶೇಕಡಾ ಚಿಹ್ನೆ, ಡಾಲರ್ ಚಿಹ್ನೆ, ಮತ್ತೆ ಅಕ್ಷರ, ಹಾಗೆಯೇ ಒಂದೇ ಉಸಿರಿಗೆ ಬಡಬಡಿಸುತ್ತ ಹೋಯಿತು. ಸರ್ ಎರಡನೆಯ ಪಾಠ ತೆರೆದರು, ನಡುವಿನದೊಂದು ತೆರೆದರು, ಕೊನೆಯದನ್ನು ತೆರೆದರು. ಅದೇ ಬಡಬಡಿಕೆ. ಅವರು ಕೀಬೋರ್ಡಿನಿಂದ ಕೈ ತೆಗೆದರು.

"ಹೆಂಗ ಹೇಳ್ಲಿ ಕಾಕಾ" ಎಂದರು ಕೊನೆಗೆ. "ನೀವು ಹೊಡದ ಸಾಫ್ಟ್‌ವೇರ್ ಹಳೀದದರಿ. ಅದು ಪರದಾ ಮ್ಯಾಲ ಕನ್ನಡದ ಆಕಾರ ಅಷ್ಟ ತೋರಸ್ತದ. ಒಳಗ ಇಡೋದು ಇಂಗ್ಲಿಷ್ ಅಕ್ಷರ. ಕಣ್ಣಿದ್ದೋರಿಗಿ ಇದು ಕನ್ನಡ. ಮಷೀನಿಗಿ ಕನ್ನಡ ಅಲ್ರಿ."

"ಒಂದ ತಪ್ಪ ತೋರಸ್ರಿ" ಎಂದರು ಕಾಕಾ. ಅವರ ದನಿ ಕೋರ್ಟಿನ ಎದುರು ಕೂತವರ ದನಿಯಾಗಿತ್ತು. "ಇಷ್ಟೂ ಹಾಳ್ಯಾಗ ಒಂದ ಒಂದು ತಪ್ಪ ತೋರಸ್ರಿ ನನಗ."

"ತಪ್ಪಿಲ್ರಿ ಕಾಕಾ. ಒಂದೂ ತಪ್ಪಿಲ್ಲ."

ಹಳೆಯದನ್ನು ಹೊಸದಕ್ಕೆ ಬದಲಿಸುವ ಉಪಾಯವೇನಾದರೂ ಇದೆಯೇ ಎಂದು ಸರ್ ಸಂಜೆಯವರೆಗೂ ಒದ್ದಾಡಿದರು. ಅವರ ಬಳಿ ಇದ್ದ ಬದಲಿಸುವ ತಂತ್ರಾಂಶ ಒತ್ತಕ್ಷರಗಳನ್ನೆಲ್ಲ ಮುರಿದುಹಾಕಿ, ಕೇಳಿದರೆ ಅರ್ಥವೇ ಆಗದಂತೆ ಮಾಡುತ್ತಿತ್ತು. ಹೊಸ ರೀತಿಯಲ್ಲಿ ಮೊದಲಿನಿಂದ ಹೊಡೆಯಬೇಕಾಗುತ್ತದೆ ಎಂದು ಹೇಳಿ, ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಗಾಡಿಗೆ ಹೋದರು. ಅಪ್ಪ ಬಾಗಿಲ ಹತ್ತಿರ ನಿಂತೇ ಇದ್ದ. ಆತನಿಗೆ ಏನಾಯಿತೆಂದು ಅರ್ಥವಾಗಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಅಪ್ಪ "ಮಷೀನ್ ಕೆಟ್ಟದೇನು?" ಎಂದು ಕೇಳಿದ. ಹೂಂ ಎಂದೆ.

ಮರುದಿನ ನಾನು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಆಮೇಲೆ ಹೋದಾಗ ಓಣಿಯ ತಿರುವಿನಲ್ಲೇ ಕೀಗಳ ಸದ್ದು ಕೇಳಿಸಿತು. ಕಾಕಾ ಮತ್ತೆ ಮೊದಲ ಪಾಠದಿಂದ ಶುರು ಮಾಡಿದ್ದರು. ನಾನು ಹೊಸ್ತಿಲಲ್ಲಿ ನಿಂತು, "ಬ್ಯಾಡ್ರಿ ಕಾಕಾ, ಸಾಕು ಬಿಡ್ರಿ. ನಿಮಗ ವಯಸ್ಸಾಗ್ಯದ" ಎಂದೆ. ಸದ್ದು ನಿಲ್ಲಲಿಲ್ಲ. "ಕುಂದ್ರು ತಂಗಿ. ಇದು ಎರಡನೇ ಪ್ರತಿ. ಕೋರ್ಟಿನ್ಯಾಗ ಎಷ್ಟು ಸಲ ಎರಡನೇ ಪ್ರತಿ ಹೊಡದೀನಿ" ಎಂದರು.

ಈ ಸಲ ಪ್ರತಿ ಪಾಠವನ್ನೂ ಯಂತ್ರದ ಬಾಯಿಂದಲೇ ಪರೀಕ್ಷೆ ಮಾಡಿಸಿದರು. ಯಂತ್ರ ಓದುವಾಗ ನಾನು ಕೇಳುತ್ತಿದ್ದೆ, ತಪ್ಪಿದ್ದರೆ ಮೇಜಿಗೆ ಗೆಣ್ಣಿನಿಂದ ಕುಟ್ಟುವುದು ಈಗ ನನ್ನ ಕೆಲಸ. ಮೊದಮೊದಲು ಕುಟ್ಟಲಿಕ್ಕೆ ಏನೂ ಇರುತ್ತಿರಲಿಲ್ಲ. ಮಳೆಗಾಲ ಮುಗಿಯುವಾಗ ಅಲ್ಲೊಂದು ಇಲ್ಲೊಂದು ತಪ್ಪು ಬರತೊಡಗಿತು. ಕೆಲವನ್ನು ಕುಟ್ಟದೆ ಬಿಟ್ಟೆ.

ಚಳಿಗಾಲದ ಒಂದು ಮುಂಜಾನೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತು ಹೋಯಿತು. ಕಲಬುರ್ಗಿಯ ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ನಾನು ಪಕ್ಕದಲ್ಲಿ ಕೂತು ಆ ಬಲಗೈ ಹಿಡಿದುಕೊಂಡೆ. ಬೆರಳ ತುದಿಗಳು ಹಾಗೇ ಇದ್ದವು, ನುಣುಪಾಗಿ, ಗಟ್ಟಿಯಾಗಿ. ಒಳಗೆ ಮಾತ್ರ ಯಾರೂ ಇರಲಿಲ್ಲ.

ಕೆಲವು ವಾರಗಳಲ್ಲಿ ಅವರು ಕಾಕುವಿನಿಂದ ಕುರ್ಚಿಯಲ್ಲಿ ಕೂರಿಸಿಕೊಂಡು ಎಡಗೈಯಿಂದ ಹೊಡೆಯತೊಡಗಿದರು. ಒಂದು ಅಕ್ಷರ. ಬಹಳ ಹೊತ್ತಿನ ಮೇಲೆ ಇನ್ನೊಂದು. ಹೊಸ್ತಿಲ ಬಳಿ ಕೂತು ಅದನ್ನು ಕೇಳುವುದು ನನ್ನಿಂದಾಗಲಿಲ್ಲ, ಆದರೆ ಎದ್ದು ಹೋಗುವುದೂ ಆಗಲಿಲ್ಲ. ಕಾಕು ಉಳಿದ ಪುಟಗಳನ್ನು ತಾವೇ ನನಗೆ ಓದಿ ಹೇಳುತ್ತೇನೆಂದು ಕೂತರು. ಅವರಿಗೆ ಮಡಿ, ಅಡುಗೆ, ಗಂಡನ ಮೈ ಒರೆಸುವುದು, ಔಷಧಿ ಇವುಗಳ ನಡುವೆ ಎಷ್ಟು ಸಾಧ್ಯವೋ ಅಷ್ಟು. ಓದುತ್ತ ಓದುತ್ತ ತೂಕಡಿಸಿ ಸಾಲು ತಪ್ಪುತ್ತಿದ್ದರು. ನಾನು ಎಬ್ಬಿಸುತ್ತಿರಲಿಲ್ಲ. ಗಡುವು ಹತ್ತಿರವಾಗುತ್ತಿದೆ ಎಂದು ಮೂವರಿಗೂ ಗೊತ್ತಿತ್ತು.

ಅವರು ಹೋದದ್ದು ಮಧ್ಯಾಹ್ನ, ಕುರ್ಚಿಯಲ್ಲಿ ಕೂತಲ್ಲೇ. ಕಾಕು ನೀರು ತರಲು ಒಳಗೆ ಹೋಗಿದ್ದರು. ನಾನು ಹೊಸ್ತಿಲಲ್ಲಿದ್ದೆ. ಒಂದು ಕೀ ಕೇಳಿಸಿತು, ಆಮೇಲೆ ಆ ಉದ್ದನೆಯ ಮೌನ ಬಂತು. ಸೀನುತ್ತಾರೆಂದು ಕಾದೆ.

ಕೋರ್ಸಿನ ಗಡುವು ಮುಗಿಯಿತು. ಇನ್ನಷ್ಟು ಸಮಯ ಕೊಡಿ ಎಂದು ಕೇಳಿಕೊಂಡು ಫೋನ್ ಮಾಡಿದಾಗ ಮತ್ತೆ ಹೊಸದಾಗಿ ಹೆಸರು ಹಚ್ಚಿಸಬಹುದು, ಪಾಠಗಳು ಅವೇ ಇರುತ್ತವೆ ಎಂದರು. ಅವೇ ಪಟಗಳು. ಸೇಡಂನ ಶಾಲೆಗೆ ಕಣ್ಣಿದ್ದ ಒಬ್ಬರು ಬಂದರು. ಒಳ್ಳೆಯವರೇ ಅಂತೆ, ಹಾಗೆಂದು ದೊಡ್ಡ ಬಾಯಿಯವರೇ ಫೋನ್ ಮಾಡಿ ತಿಳಿಸಿದರು. ಅಪ್ಪ ಪೇಢೆ ಹಂಚಿದ್ದ ಮನೆಗಳವರು ಒಬ್ಬೊಬ್ಬರಾಗಿ ಬಂದು, ತಲೆ ಸವರಿ, ಚಹಾ ಕುಡಿದು ಹೋದರು. ನಾನು ಯಾವ ಮಗುವಿಗೂ ಕಲಿಸಲಿಲ್ಲ. ಈಗ ಅಣ್ಣನ ಮನೆಯಲ್ಲಿದ್ದೇನೆ. ತೊಗರಿಬೇಳೆಯಲ್ಲಿ ಹರಳು ಆರಿಸುವುದರಲ್ಲಿ ಈ ಓಣಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಕಾಕು ತಮ್ಮ ತಂಗಿಯ ಊರಿಗೆ ಹೊರಡುವ ಮುಂಚೆ ಆ ಕಂಪ್ಯೂಟರನ್ನು ನಮ್ಮ ಮನೆಗೆ ಕಳಿಸಿಕೊಟ್ಟರು. ಈಗ ನನ್ನ ಬಳಿ ಬೇರೆ ಯಂತ್ರವಿದೆ, ಕನ್ನಡವನ್ನು ಚೊಕ್ಕಟವಾಗಿ ಓದುತ್ತದೆ. ಈ ಬರಹವನ್ನು ಹೊಡೆಯುತ್ತಿರುವುದು ಅದರಲ್ಲೇ, ಕಾಕಾ ಕಲಿಸಿದ ಬೆರಳುಗಳಿಂದ. ಇಂಟರ್ನೆಟ್ಟಿನಲ್ಲಿ ಕಲಿಯಬಹುದಾದ ಕೋರ್ಸುಗಳ ಜಾಹೀರಾತು ದಿನಾ ಬರುತ್ತದೆ. ತೆರೆದರೆ ಎಷ್ಟೋ ಸಲ ಯಂತ್ರ ಇಂದಿಗೂ "ಚಿತ್ರ" ಎಂದು ಸುಮ್ಮನಾಗುತ್ತದೆ. ಬೈಯಲು ಮೊದಲಿನ ಹುರುಪೂ ಉಳಿದಿಲ್ಲ.

ಕಾಕಾ ಎರಡನೆಯ ಸಲ ಹೊಡೆದ ಪಾಠಗಳನ್ನು ಹೊಸ ಯಂತ್ರಕ್ಕೆ ತುಂಬಿಸಿಕೊಂಡಿದ್ದೇನೆ. ಎಲ್ಲವೂ ಬಾಯಿಪಾಠವಾಗಿವೆ, ಆದರೂ ಆಗಾಗ ಕೊನೆಯದನ್ನು ತೆರೆಯುತ್ತೇನೆ. ಕಾಣದ ಮಗುವಿಗೆ ಮೆಟ್ಟಿಲು ಇಳಿಯುವುದನ್ನು ಕಲಿಸುವ ಪಾಠ ಅದು. ಎಡಗೈಯಿಂದ ಹೊಡೆದದ್ದು, ತಪ್ಪುಗಳಿವೆ, ನಾನು ಒಂದನ್ನೂ ತಿದ್ದಿಲ್ಲ. ಯಂತ್ರ ಓದುತ್ತ ಬರುತ್ತದೆ. ಮೊದಲು ಮಗುವಿಗೆ ಹೆದರಬೇಡ ಎಂದು ಹೇಳಿ. ನೀವು ಒಂದು ಮೆಟ್ಟಿಲು ಮುಂದೆ ನಿಲ್ಲಿ. ಆಮೇಲೆ ಮಗುವಿನ ಕೈಯನ್ನು...

ಅಲ್ಲಿಗೆ ಮುಗಿಯುತ್ತದೆ. ಕೈಯನ್ನು ಏನು ಮಾಡಬೇಕೆಂದು ನನಗೆ ಯಾರೂ ಓದಿ ಹೇಳಲಿಲ್ಲ. ನಾನು ಕೆಳಗಿನ ಬಾಣದ ಕೀ ಒತ್ತುತ್ತೇನೆ. ಯಂತ್ರ "ಖಾಲಿ" ಎನ್ನುತ್ತದೆ. ಮತ್ತೆ ಒತ್ತುತ್ತೇನೆ. "ಖಾಲಿ" ಎನ್ನುತ್ತದೆ.